ಕಣ್ಣಿಗೆ ಪ್ರಾಸ, ಕಿವಿಗೆ ತ್ರಾಸ: ಇಂಗ್ಲಿಷ್ ಪ್ರಾಸಪದಗಳ ಕೈಪಿಡಿಯೊಂದರ ವಿಮರ್ಶೆ

ಮೇ ತಿಂಗಳ ಕೊನೆಯ ವಾರದಲ್ಲಿ, ಶಾಲೆ ಪುನಃ ಆರಂಭವಾಗಲು ಎರಡು ದಿನ ಬಾಕಿ ಇದ್ದಾಗ, ಹಾಸನದ ಪುಸ್ತಕದಂಗಡಿಯೊಂದರಲ್ಲಿ ಹಾಜರಿ ಪುಸ್ತಕಕ್ಕೆ ಹಾಕುವ ಖಾಕಿ ರಟ್ಟನ್ನೂ ಬಣ್ಣದ ಸೀಮೆಸುಣ್ಣವನ್ನೂ ಕೊಳ್ಳುತ್ತಿದ್ದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪಂಚಾಂಗ, ಮಗ್ಗಿ ಪುಸ್ತಕ, ಗಾದೆ ಒಗಟುಗಳ ಪುಸ್ತಕಗಳ ನಡುವೆ ನೇತುಹಾಕಿದ್ದ ಒಂದು ತೆಳು ಕೈಪಿಡಿ ಕಣ್ಣಿಗೆ ಬಿತ್ತು. ಇಂಗ್ಲಿಷಿನ ಪ್ರಾಸಪದಗಳು, ಅವುಗಳ ಉಚ್ಚಾರಣೆ ಕನ್ನಡ ಲಿಪಿಯಲ್ಲಿ, ಪಕ್ಕದಲ್ಲಿ ಕನ್ನಡ ಅರ್ಥ. 96 ಪುಟ, ಬೆಲೆ 80 ರೂಪಾಯಿ. ಕನ್ನಡ ಮಾಧ್ಯಮದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನಗೆ ಬೇಕಾದದ್ದೇ ಸಿಕ್ಕಂತಾಯಿತು. ‘ರೈಮಿಂಗ್ ವರ್ಡ್ಸ್ ಬರೆಯಿರಿ’ ಎಂಬ ಪ್ರಶ್ನೆ ಒಂದನೆಯ ತರಗತಿಯಿಂದಲೂ ಮಕ್ಕಳ ಬೆನ್ನು ಬಿಡುವುದಿಲ್ಲ, ಮನೆಯಲ್ಲಿ ಅದನ್ನು ಹೇಳಿಕೊಡಲು ಎಷ್ಟೋ ತಂದೆತಾಯಿಯರಿಗೆ ಯಾವ ಆಧಾರವೂ ಇರುವುದಿಲ್ಲ. ಒಂದೂವರೆ ತಿಂಗಳು ಐದನೆಯ ತರಗತಿಯಲ್ಲಿ ಈ ಪುಸ್ತಕವನ್ನು ದಿನಾ ಬಳಸಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಏಕೆಂದರೆ ಇಂಥ ಕೈಪಿಡಿಗಳು ಹಲವು ಹೆಸರುಗಳಲ್ಲಿ ಒಂದೇ ಅಚ್ಚಿನಿಂದ ಎರಕ ಹೊಯ್ದಂತೆ ಬರುತ್ತವೆ, ಮತ್ತು ನಾನು ಇಲ್ಲಿ ಹೇಳುವ ಗುಣದೋಷಗಳನ್ನು ಓದುಗರು ತಮ್ಮ ಕೈಗೆ ಸಿಕ್ಕ ಯಾವ ಪ್ರತಿಯಲ್ಲಾದರೂ ಪರೀಕ್ಷಿಸಿ ನೋಡಬಹುದು.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚಿಬಿಡುತ್ತೇನೆ. ಪುಸ್ತಕದ ಮೊದಲ 30 ಪುಟಗಳು ನಿಜಕ್ಕೂ ಚೆನ್ನಾಗಿವೆ. ಮೂರಕ್ಷರದ ಪುಟ್ಟ ಪದಗಳನ್ನು ಕೊನೆಯ ಎರಡು ಅಕ್ಷರಗಳ ಪ್ರಕಾರ ಗುಂಪು ಮಾಡಿದ್ದಾರೆ: ಕ್ಯಾಟ್, ಹ್ಯಾಟ್, ಮ್ಯಾಟ್ ಒಂದು ಪುಟದಲ್ಲಿ, ಪೆನ್, ಹೆನ್, ಟೆನ್ ಇನ್ನೊಂದರಲ್ಲಿ, ಪಿಗ್, ಬಿಗ್, ಡಿಗ್ ಮತ್ತೊಂದರಲ್ಲಿ. ಬೆಕ್ಕು, ಟೋಪಿ, ಚಾಪೆ, ಕೋಳಿ, ಹಂದಿ ಎಂದು ಅರ್ಥಗಳೂ ಸರಳ. ಈ ಪದಗಳಲ್ಲಿ ಬರೆದದ್ದಕ್ಕೂ ಓದುವುದಕ್ಕೂ ಜಗಳವೇ ಇಲ್ಲದ್ದರಿಂದ, ಮಗು ಒಂದು ಪದ ಕಲಿತರೆ ಮೊದಲ ಅಕ್ಷರ ಬದಲಿಸಿ ಇನ್ನೈದು ಪದಗಳನ್ನು ತಾನೇ ಓದಿಕೊಳ್ಳುತ್ತದೆ. ಓದಲು ತಡವರಿಸುತ್ತಿದ್ದ ನನ್ನ ತರಗತಿಯ ನಾಲ್ಕು ಮಕ್ಕಳಿಗೆ ಎರಡು ವಾರದಲ್ಲಿ ಈ ಪುಟಗಳಿಂದ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುಸ್ತಕ ಇಲ್ಲಿಗೇ ನಿಂತಿದ್ದರೆ, 80 ರೂಪಾಯಿಗೆ ಬದಲು 30 ರೂಪಾಯಿ ಬೆಲೆ ಇಟ್ಟಿದ್ದರೆ, ನನ್ನ ವಿಮರ್ಶೆಯೂ ಇಲ್ಲಿಗೇ ಮುಗಿಯುತ್ತಿತ್ತು.

ತೊಂದರೆ ಆರಂಭವಾಗುವುದು ನಾಲ್ಕಕ್ಷರದ ಪದಗಳಿಗೆ ಬಂದಾಗ. ಅಲ್ಲಿಯೂ ಕೈಪಿಡಿ ಅದೇ ವಿಧಾನವನ್ನು ಹಿಡಿಯುತ್ತದೆ: ಕೊನೆಯ ಅಕ್ಷರಗಳು ಒಂದೇ ಆದರೆ ಪ್ರಾಸ. ಹೀಗಾಗಿ ಓ, ವಿ, ಇ ಎಂದು ಮುಗಿಯುವ ಪದಗಳ ಪುಟದಲ್ಲಿ ಲವ್, ಡವ್, ಗ್ಲವ್, ಮೂವ್, ಪ್ರೂವ್, ಸ್ಟೋವ್, ಡ್ರೋವ್ ಎಲ್ಲವೂ ಒಂದೇ ಕುಟುಂಬದವರಂತೆ ಸಾಲಾಗಿ ನಿಂತಿವೆ. ನಾನು ಪಾಠದ ಟಿಪ್ಪಣಿಯನ್ನು ಅವಸರದಲ್ಲಿ ಮಾಡಿಕೊಂಡು ಹೋಗಿದ್ದೆನಾದ್ದರಿಂದ ಆ ಪುಟವನ್ನು ಹಾಗೆಯೇ ಕರಿಹಲಗೆಯ ಮೇಲೆ ಇಳಿಸಿದೆ. ಉಚ್ಚಾರಣೆಯನ್ನೂ ಪುಸ್ತಕದಲ್ಲಿದ್ದಂತೆ ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ. ಎರಡನೆಯ ಬೆಂಚಿನ ಹುಡುಗಿ ಕೈ ಎತ್ತಿ, “ಮಿಸ್, ಇದು ಲವ್, ಅದು ಮೂವ್. ಪ್ರಾಸ ಎಲ್ಲಿ ಬಂತು ಮಿಸ್?” ಎಂದಳು. ನಾನು ಇಂಗ್ಲಿಷ್ ಅಕ್ಷರಗಳ ಕಡೆ ಬೆರಳು ತೋರಿಸಿದೆ. ಅವಳು ಕನ್ನಡ ಅಕ್ಷರಗಳ ಕಡೆ ಬೆರಳು ತೋರಿಸಿದಳು. ಅವಳು ಹೇಳಿದ್ದೇ ಸರಿ.

ಈ ಕೈಪಿಡಿಯ ಬಗ್ಗೆ ನನಗಿರುವ ಮುಖ್ಯ ತಕರಾರು ಆ ಹುಡುಗಿಯ ಬೆರಳ ತುದಿಯಲ್ಲಿತ್ತು. ಪುಸ್ತಕದಲ್ಲಿ ಮೂರು ಕಾಲಂಗಳಿವೆ; ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರಣೆ, ಮೂರನೆಯದರಲ್ಲಿ ಅರ್ಥ. ಎರಡನೆಯ ಕಾಲಂ ಬರೆದವರು ಮೊದಲ ಕಾಲಂ ಜೋಡಿಸಿದವರ ಜೊತೆ ಒಮ್ಮೆಯೂ ಮಾತಾಡಿದಂತಿಲ್ಲ. ಕನ್ನಡದಲ್ಲಿ ಬರೆದ ಉಚ್ಚಾರಣೆಯನ್ನು ಒಂದು ಸಲ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗಿ ಓದಿದ್ದರೆ ಸಾಕಿತ್ತು, ಆ ಪುಟ ಮೂರು ಗುಂಪಾಗಿ ತಾನೇ ಒಡೆದುಕೊಳ್ಳುತ್ತಿತ್ತು: ಲವ್, ಡವ್, ಗ್ಲವ್, ಅಬವ್ ಒಂದು, ಮೂವ್, ಪ್ರೂವ್ ಇನ್ನೊಂದು, ಸ್ಟೋವ್, ಡ್ರೋವ್, ಕ್ಲೋವ್ ಮತ್ತೊಂದು.

ಈ ತಪ್ಪಿನ ಬೇರು ಎಲ್ಲಿದೆ ಎಂಬುದು ಮುನ್ನುಡಿಯನ್ನು ಓದಿದರೆ ಗೊತ್ತಾಗುತ್ತದೆ. ‘ಕೊನೆಯ ಅಕ್ಷರಗಳು ಸಮನಾಗಿರುವ ಪದಗಳೇ ಅಂತ್ಯಪ್ರಾಸದ ಪದಗಳು’ ಎಂದು ಅಲ್ಲಿ ವ್ಯಾಖ್ಯಾನಿಸಲಾಗಿದೆ. ಕನ್ನಡದ ಮಟ್ಟಿಗೆ ಇದು ನಡೆಯುವ ಮಾತು. ನಮ್ಮಲ್ಲಿ ಪ್ರಾಸವೆಂದರೆ ಅಕ್ಷರದ ಲೆಕ್ಕ. ಹಳಗನ್ನಡದ ಕವಿಗಳಿಗೆ ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಕಟ್ಟಳೆ ಇತ್ತು; ಇದೇ ಆದಿಪ್ರಾಸ. ಅದರ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಅನುಸ್ವಾರ ಬಂದರೆ ವೃಷಭಪ್ರಾಸ, ಹೀಗೆ ಆರು ಬಗೆಗಳನ್ನು ಛಂದಸ್ಸಿನ ಗ್ರಂಥಗಳು ಹೇಳುತ್ತವೆ. ರಗಳೆ ಎಂಬ ಪದ್ಯಜಾತಿಯಲ್ಲಿ ಅಂತ್ಯಪ್ರಾಸವೂ ಜೊತೆಗೂಡುತ್ತಿತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಕೈಬಿಟ್ಟು ಬರೆಯತೊಡಗಿದ್ದು ನಮ್ಮ ಕಾವ್ಯಚರಿತ್ರೆಯಲ್ಲಿ ಒಂದು ಘಟನೆ ಎನಿಸಿಕೊಂಡಿತೆಂದರೆ ಆ ಕಟ್ಟಳೆಯ ಬಿಗಿ ಎಷ್ಟಿತ್ತೆಂದು ಊಹಿಸಬಹುದು. ಆದರೆ ಇದೆಲ್ಲ ಸಾಧ್ಯವಾದದ್ದು ನಮ್ಮ ಲಿಪಿಯಲ್ಲಿ ಬರೆದ ಅಕ್ಷರವೂ ಆಡಿದ ಧ್ವನಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ. ಕನ್ನಡದ ಪ್ರಾಸವನ್ನು ಕಣ್ಣಿನಿಂದ ನೋಡಿ ಹೇಳಿದರೂ ತಪ್ಪಾಗುವುದು ಅಪರೂಪ. ಈ ಅಭ್ಯಾಸವನ್ನು ಹಾಗೆಯೇ ಇಂಗ್ಲಿಷಿಗೆ ತೆಗೆದುಕೊಂಡು ಹೋದರೆ ಹಳ್ಳಕ್ಕೆ ಬೀಳುವುದು ಖಂಡಿತ, ಏಕೆಂದರೆ ಇಂಗ್ಲಿಷಿನ ಪ್ರಾಸ ಕಿವಿಯ ಲೆಕ್ಕ. ಪದದಲ್ಲಿ ಕೊನೆಯದಾಗಿ ಒತ್ತು, ಎಂದರೆ ಉಚ್ಚಾರಣೆಯ ಬಲ, ಬೀಳುವ ಸ್ವರ ಯಾವುದೋ ಅಲ್ಲಿಂದ ಮುಂದಿನ ಧ್ವನಿಗಳೆಲ್ಲ ಒಂದೇ ಆಗಿರಬೇಕು, ಆ ಸ್ವರದ ಹಿಂದಿನ ವ್ಯಂಜನ ಬೇರೆಯಾಗಿರಬೇಕು. ಕಾಗುಣಿತ ಹೇಗಿದ್ದರೂ ಚಿಂತೆಯಿಲ್ಲ.

ಬರೆಯುವುದೊಂದು, ಓದುವುದೊಂದು ಏಕೆ ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್ಟನ್ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ್ದು 1476ರಲ್ಲಿ. ಅಚ್ಚುಮೊಳೆಗಳ ಕಾರಣದಿಂದ ಕಾಗುಣಿತ ಮೆಲ್ಲಮೆಲ್ಲನೆ ಒಂದು ರೂಪಕ್ಕೆ ಗಟ್ಟಿಯಾಗುತ್ತಿದ್ದ ಕಾಲದಲ್ಲೇ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘಸ್ವರಗಳು ಜನರ ಬಾಯಲ್ಲಿ ಸ್ಥಾನ ಬದಲಿಸುತ್ತಿದ್ದವು. ಬಾಯಿ ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು. ಫೂಡ್, ಗುಡ್, ಬ್ಲಡ್ ಎಂಬ ಮೂರು ಪದಗಳನ್ನೇ ನೋಡಿ: ಹಳೆಯ ಇಂಗ್ಲಿಷಿನಲ್ಲಿ ಮೂರರಲ್ಲೂ ಇದ್ದದ್ದು ದೀರ್ಘವಾದ ಓಕಾರ, ಅದು ಮುಂದೆ ಊಕಾರವಾಯಿತು, ಆಮೇಲೆ ಊಟದ ಫೂಡ್ ದೀರ್ಘವಾಗಿಯೇ ಉಳಿದು, ಒಳ್ಳೆಯದೆಂಬ ಗುಡ್ ಹ್ರಸ್ವವಾಗಿ, ರಕ್ತದ ಬ್ಲಡ್ ಇನ್ನೂ ಮುಂಚೆಯೇ ಹ್ರಸ್ವವಾದದ್ದರಿಂದ ಅಕಾರದ ಕಡೆಗೆ ಜಾರಿತು. ಎರಡು ಓ ಮಾತ್ರ ಮೂರರಲ್ಲೂ ಹಾಗೆಯೇ ಕುಳಿತಿವೆ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ಸಾನೆಟ್ಟುಗಳಲ್ಲಿ, ಎಂದರೆ ಹದಿನಾಲ್ಕು ಸಾಲಿನ ಪದ್ಯಗಳಲ್ಲಿ, ಲವ್ ಮತ್ತು ಪ್ರೂವ್ ಪದಗಳು ಪ್ರಾಸವಾಗಿ ಮತ್ತೆ ಮತ್ತೆ ಬರುತ್ತವೆ. ಅಂದಿನ ಕಿವಿಗೆ ಹೊಂದುತ್ತಿದ್ದ ಜೋಡಿ ಇಂದು ಕಣ್ಣಿಗೆ ಮಾತ್ರ ಹೊಂದುತ್ತದೆ. ಇಂಥವನ್ನು ಇಂಗ್ಲಿಷಿನವರು ‘ಕಣ್ಣಿನ ಪ್ರಾಸ’ ಎಂದೇ ಕರೆಯುತ್ತಾರೆ. ನಮ್ಮ ಕೈಪಿಡಿ ಈ ಭೇದವನ್ನು ಒಂದು ಸಾಲಿನಲ್ಲಿ ಹೇಳಿದ್ದರೂ ಸಾಕಿತ್ತು.

ಕೊನೆಯಕ್ಷರವನ್ನು ನಂಬಿದವರಲ್ಲಿ ನಮ್ಮ ಪ್ರಕಾಶಕರೇ ಮೊದಲಿಗರಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಇಂಗ್ಲಿಷಿನ ಮೊದಲ ಪ್ರಾಸನಿಘಂಟನ್ನು ಪೀಟರ್ ಲೆವಿನ್ಸ್ 1570ರಲ್ಲಿ ತಂದಾಗಲೂ, ಜಾನ್ ವಾಕರ್ 1775ರಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ತಂದಾಗಲೂ ಪದಗಳ ಕೊನೆಯನ್ನೇ ಹಿಡಿದು ಜೋಡಿಸಿದ್ದರು. ವಾಕರನದಂತೂ ಪದವನ್ನು ಹಿಂದಿನಿಂದ ಮುಂದಕ್ಕೆ ಓದಿ ಅಕಾರಾದಿಯಲ್ಲಿ ಇಟ್ಟಂತಹ ನಿಘಂಟು. ಆದರೆ ಉಚ್ಚಾರಣೆಯನ್ನೇ ಜೀವನವೃತ್ತಿಯಾಗಿ ಕಲಿಸುತ್ತಿದ್ದ ವಾಕರನಿಗೆ ಅದರ ಕೊರತೆ ಗೊತ್ತಿತ್ತು. ಆದ್ದರಿಂದಲೇ ಆತ ಧ್ವನಿಯಲ್ಲಿ ಹೊಂದುವ ಪದಗಳು ಯಾವುವು, ಹೆಚ್ಚುಕಡಿಮೆ ಒಪ್ಪಬಹುದಾದವು ಯಾವುವು ಎಂಬ ಸೂಚಿಯನ್ನು ಬೇರೆಯಾಗಿ ಕೊಟ್ಟ. ಇನ್ನೂರೈವತ್ತು ವರ್ಷಗಳ ನಂತರ ಬಂದ ಪುಸ್ತಕದಿಂದ ಅಷ್ಟನ್ನಾದರೂ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಇದೇ ತಪ್ಪಿನ ಇನ್ನೊಂದು ಮುಖವೆಂದರೆ, ಕಾಗುಣಿತ ಬೇರೆಯಾದರೂ ಧ್ವನಿಯಲ್ಲಿ ಸೊಗಸಾಗಿ ಪ್ರಾಸವಾಗುವ ಪದಗಳು ಇಲ್ಲಿ ಒಟ್ಟಿಗೆ ಸಿಗುವುದೇ ಇಲ್ಲ. ಸ್ಕೈ, ಹೈ, ಬೈ, ಲೈ, ಐ ಎಂಬ ಐದು ಪದಗಳು ಐದು ಬೇರೆ ರೀತಿಯಲ್ಲಿ ಬರೆದರೂ ಒಂದೇ ತಾಳಕ್ಕೆ ಹಾಡುತ್ತವೆ: ಆಕಾಶ, ಎತ್ತರ, ಕೊಳ್ಳು, ಸುಳ್ಳು, ಕಣ್ಣು. ಬ್ಲೂ, ಶೂ, ಟೂ, ಥ್ರೂ, ಫ್ಲೂ ಕೂಡ ಹಾಗೆಯೇ. ಮಕ್ಕಳ ಹಾಡುಗಳಲ್ಲಿ ಹೆಚ್ಚಾಗಿ ಬರುವುದು ಇಂಥ ಜೋಡಿಗಳೇ. ಮಿನುಗುವ ನಕ್ಷತ್ರದ ಮೇಲೆ ಜೇನ್ ಟೇಲರ್ ಬರೆದು 1806ರಲ್ಲಿ ಪ್ರಕಟವಾದ, ನಮ್ಮ ಅಂಗನವಾಡಿಗಳಲ್ಲೂ ಬಾಯಿಪಾಠವಾಗಿರುವ ಪದ್ಯದ ಮೊದಲ ನಾಲ್ಕು ಸಾಲಿನಲ್ಲಿ ಸ್ಟಾರ್‌ಗೆ ಆರ್, ಹೈಗೆ ಸ್ಕೈ ಪ್ರಾಸವಾಗಿರುವುದನ್ನು ಯಾರಾದರೂ ಗಮನಿಸಬಹುದು. ಎರಡು ಜೋಡಿಯಲ್ಲೂ ಕೊನೆಯ ಅಕ್ಷರಗಳು ಹೊಂದುವುದಿಲ್ಲ. ಈ ಕೈಪಿಡಿಯ ನಿಯಮದಂತೆ ಆ ಪದ್ಯದಲ್ಲಿ ಪ್ರಾಸವೇ ಇಲ್ಲ!

ಇನ್ನು ಉಚ್ಚಾರಣೆಯ ಕಾಲಂ. ಇದನ್ನು ಪುಸ್ತಕದ ಅತ್ಯುತ್ತಮ ಭಾಗ ಎಂದು ನಾನು ಎಣಿಸುತ್ತೇನೆ, ಅದರ ದೋಷಗಳನ್ನು ಮುಂದಿಟ್ಟುಕೊಂಡೇ. ಓ, ಯು, ಜಿ, ಎಚ್ ಎಂದು ಮುಗಿಯುವ ಪದಗಳ ಪುಟವನ್ನು ತೆರೆದು ಎರಡನೆಯ ಕಾಲಮ್ಮನ್ನಷ್ಟೇ ಓದಿ: ಟಫ್, ರಫ್, ಕಾಫ್, ದೋ, ಥ್ರೂ, ಪ್ಲೌ. ನಾಲ್ಕು ಅಕ್ಷರಗಳ ಒಂದೇ ಬಾಲಕ್ಕೆ ಐದು ಧ್ವನಿ. ಇಂಗ್ಲೆಂಡಿನ ಮಗು ಇದನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು. ನಮ್ಮ ಮಗುವಿಗೆ ಕನ್ನಡ ಲಿಪಿ ಎಂಬ ಒಳ್ಳೆಯ ಅಳತೆಗೋಲು ಕೈಯಲ್ಲೇ ಇದೆ. ಪದವನ್ನು ಕನ್ನಡದಲ್ಲಿ ಬರೆದುಕೊಂಡು ಕೊನೆ ಹೊಂದುತ್ತದೆಯೇ ನೋಡು ಎಂದರೆ ಹತ್ತರಲ್ಲಿ ಎಂಟು ಸಲ ಉತ್ತರ ಸರಿಯಾಗಿ ಬರುತ್ತದೆ.

ಉಳಿದ ಎರಡು ಸಲ ಕನ್ನಡ ಲಿಪಿಯೂ ಕೈಕೊಡುತ್ತದೆ ಎಂಬುದನ್ನು ಮರೆಯಬಾರದು. ಅನ್ನದ ರೈಸ್ ಮತ್ತು ಮೇಲೇಳುವ ರೈಸ್ ಎರಡನ್ನೂ ಕೈಪಿಡಿ ಒಂದೇ ರೀತಿ ಬರೆದಿದೆ. ನಾವು ಆಡುವುದೂ ಹಾಗೆಯೇ. ಆದರೆ ಇಂಗ್ಲಿಷಿನಲ್ಲಿ ಮೊದಲನೆಯದು ಸಕಾರದಿಂದ ಮುಗಿಯುತ್ತದೆ, ಎರಡನೆಯದರ ಕೊನೆಯಲ್ಲಿ ಜೇನ್ನೊಣದ ಝೇಂಕಾರದಂತಹ ಧ್ವನಿ ಇದೆ. ಹೀಗಾಗಿ ನೈಸ್, ಐಸ್, ಮೈಸ್ ಇವುಗಳ ಪಕ್ಕದಲ್ಲಿ ಮೇಲೇಳುವ ರೈಸನ್ನೂ ಜಾಣನೆಂಬ ವೈಸನ್ನೂ ಕೂರಿಸುವಂತಿಲ್ಲ. ಪೀಸ್, ನೀಸ್, ಪ್ಲೀಸ್, ಚೀಸ್ ಎಂಬ ಸಾಲು ಕನ್ನಡದಲ್ಲಿ ಓದಲು ಎಷ್ಟು ಚೆಂದವಾಗಿದೆಯೋ ಇಂಗ್ಲಿಷಿನಲ್ಲಿ ಅಷ್ಟೇ ತಪ್ಪು: ಮೊದಲೆರಡು ಒಂದು ಮನೆಯವು, ಕೊನೆಯೆರಡು ಇನ್ನೊಂದು ಮನೆಯವು. ಹಾಗೆಯೇ ಮಂಚದ ಕಾಟ್ ಮತ್ತು ಹಿಡಿದ ಎಂಬ ಅರ್ಥದ ಕಾಟ್ ನಮ್ಮ ಲಿಪಿಯಲ್ಲಿ ಅವಳಿಜವಳಿಗಳಂತೆ ಕಾಣುತ್ತವೆ, ಇಂಗ್ಲೆಂಡಿನವರ ಬಾಯಲ್ಲಿ ಒಂದು ಹ್ರಸ್ವ, ಇನ್ನೊಂದು ದೀರ್ಘ. ಕೊನೆಯ ಧ್ವನಿ ಝಕಾರವಾಗಿದ್ದರೆ ಅದನ್ನು ಝಕಾರವಾಗಿಯೇ ಬರೆಯುವ ಒಂದು ಸಣ್ಣ ಎಚ್ಚರದಿಂದ ಈ ತಪ್ಪುಗಳಲ್ಲಿ ಅರ್ಧವನ್ನು ತಪ್ಪಿಸಬಹುದಿತ್ತು.

ಒತ್ತಿನ ವಿಷಯಕ್ಕೆ ಕೈಪಿಡಿ ಕೈಯನ್ನೇ ಹಾಕಿಲ್ಲ. ಕಿಂಗ್, ರಿಂಗ್, ಸಿಂಗ್ ಎಂದು ಚೆನ್ನಾಗಿ ಆರಂಭವಾದ ಪುಟ ಅರ್ಧಕ್ಕೆ ಬರುವಷ್ಟರಲ್ಲಿ ಸಿಂಗಿಂಗ್, ರನ್ನಿಂಗ್, ಈಟಿಂಗ್ ಎಂದು ಬಾಲ ಬೆಳೆಸಿಕೊಂಡಿದೆ. ಈಟಿಂಗ್ ಎಂಬಲ್ಲಿ ಒತ್ತು ಬೀಳುವುದು ಮೊದಲ ಈಕಾರದ ಮೇಲೆ. ಅದಕ್ಕೆ ಪ್ರಾಸವಾಗಬೇಕಾದರೆ ಮೀಟಿಂಗ್ ಬರಬೇಕು, ಸಿಂಗಿಂಗ್‌ಗೆ ರಿಂಗಿಂಗ್ ಬರಬೇಕು. ಬರೀ ‘ಇಂಗ್’ ಹೊಂದಿದರೆ ಪ್ರಾಸವೆನ್ನುವುದಾದರೆ ಇಂಗ್ಲಿಷಿನ ಕ್ರಿಯಾಪದಗಳೆಲ್ಲ ಒಂದಕ್ಕೊಂದು ಪ್ರಾಸವಾಗಿಬಿಡುತ್ತವೆ. ಇದಕ್ಕೆ ಪ್ರತಿಯಾಗಿ ನೇಷನ್, ಸ್ಟೇಷನ್ ಜೋಡಿಯೂ, ಟೇಬಲ್, ಕೇಬಲ್ ಜೋಡಿಯೂ ಸರಿಯಾಗಿಯೇ ಇವೆ. ಆದರೆ ಅವು ಏಕೆ ಸರಿ ಎಂಬುದು ಪುಸ್ತಕಕ್ಕೆ ಗೊತ್ತಿದ್ದಂತೆ ತೋರುವುದಿಲ್ಲ.

ಅರ್ಥಗಳ ಕಾಲಮ್ಮಿನಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಎಂಬ ವ್ರತ ಹಿಡಿದಿದ್ದಾರೆ. ಜಾಗದ ಅಭಾವ ನನಗೆ ಅರ್ಥವಾಗುತ್ತದೆ. ಆದರೆ ಆಯ್ದುಕೊಂಡ ಅರ್ಥ ಯಾವುದು ಎಂಬುದು ಮುಖ್ಯ. ಮೈನ್ ಎಂದರೆ ಗಣಿ, ಫೈನ್ ಎಂದರೆ ದಂಡ, ವೈನ್ ಎಂದರೆ ಮದ್ಯ ಎಂದು ಒಂದೇ ಸಾಲಿನಲ್ಲಿ ಓದುವಾಗ ಪ್ರಾಥಮಿಕ ಶಾಲೆಯ ಪುಸ್ತಕಕ್ಕೆ ಬದಲು ಯಾವುದೋ ತಾಲ್ಲೂಕು ಕಚೇರಿಯ ಕಡತ ಓದಿದಂತಾಗುತ್ತದೆ. ಐದನೆಯ ತರಗತಿಯ ಮಗುವಿಗೆ ಮೊದಲು ಬೇಕಾದದ್ದು ‘ನನ್ನದು’ ಮತ್ತು ‘ಚೆನ್ನಾಗಿದೆ’. ಲೈಟ್ ಎಂಬುದಕ್ಕೆ ಬೆಳಕು ಎಂದಷ್ಟೇ ಇದೆ, ಹಗುರ ಇಲ್ಲ; ಕೈಟ್ ಎಂಬುದಕ್ಕೆ ಗಾಳಿಪಟ ಇದೆ, ಹದ್ದು ಇಲ್ಲ, ಹಕ್ಕಿಯ ಹೆಸರೇ ಆಟಿಕೆಗೆ ಬಂದದ್ದಾದರೂ. ನೀಸ್ ಎಂಬ ಪದಕ್ಕೆ ‘ಸೊಸೆ’ ಎಂದು ಅಚ್ಚಾಗಿರುವುದನ್ನು ನೋಡಿ ಶಿಕ್ಷಕರ ಕೊಠಡಿಯಲ್ಲಿ ನಾವೆಲ್ಲ ನಕ್ಕೆವು. ಬರೀ ಸೊಸೆ ಎಂದರೆ ಮಗನ ಹೆಂಡತಿ ಎಂದಲ್ಲವೇ ಮಕ್ಕಳು ತಿಳಿಯುವುದು? ನಮ್ಮಲ್ಲಿ ಅಣ್ಣನ ಮಗಳು ಗಂಡಸಿಗೆ ಮಗಳೇ, ಅಕ್ಕನ ಮಗಳು ಸೋದರ ಸೊಸೆ. ಎರಡನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಪದವಿಲ್ಲದಿರುವಾಗ ‘ಅಣ್ಣನ, ತಮ್ಮನ, ಅಕ್ಕನ ಅಥವಾ ತಂಗಿಯ ಮಗಳು’ ಎಂದು ಬಿಡಿಸಿ ಬರೆಯುವುದೇ ದಾರಿ.

ಒಂದೇ ಅರ್ಥ ಕೊಡುವ ಈ ವ್ರತ ಪ್ರಾಸವನ್ನೇ ಕೆಡಿಸುವ ಸಂದರ್ಭಗಳೂ ಇವೆ, ಮತ್ತು ಇದೂ ನನಗೆ ಅಷ್ಟೇ ಮುಖ್ಯವಾಗಿ ಕಂಡ ದೋಷ. ಇಂಗ್ಲಿಷಿನಲ್ಲಿ ಕೆಲವು ಪದಗಳನ್ನು ಒಂದೇ ರೀತಿ ಬರೆದರೂ ಅರ್ಥಕ್ಕೆ ತಕ್ಕಂತೆ ಉಚ್ಚಾರಣೆ ಬದಲಾಗುತ್ತದೆ. ಟಿ, ಇ, ಎ, ಆರ್ ಎಂದು ಬರೆದ ಪದ ಕಣ್ಣೀರು ಎಂಬ ಅರ್ಥದಲ್ಲಿ ‘ಟಿಯರ್’. ಅದು ಡಿಯರ್, ನಿಯರ್, ಫಿಯರ್‌ಗಳ ಜೊತೆ ಪ್ರಾಸವಾಗುತ್ತದೆ. ಬಟ್ಟೆಯನ್ನೋ ಕಾಗದವನ್ನೋ ಹರಿ ಎಂಬ ಅರ್ಥದಲ್ಲಿ ಅದೇ ಪದ ‘ಟೇರ್’. ಅದರ ನಂಟು ಕರಡಿಯ ಬೇರ್, ಉಡುವ ವೇರ್ ಇವುಗಳ ಜೊತೆ. ಕೈಪಿಡಿಯ 41ನೆಯ ಪುಟದಲ್ಲಿ ಈ ಪದವನ್ನು ಬೇರ್, ವೇರ್‌ಗಳ ಸಾಲಿನಲ್ಲಿ ಇಟ್ಟು, ಉಚ್ಚಾರಣೆ ‘ಟೇರ್’ ಎಂದು ಸರಿಯಾಗಿಯೇ ಬರೆದು, ಅರ್ಥ ಮಾತ್ರ ‘ಕಣ್ಣೀರು’ ಎಂದು ಕೊಟ್ಟಿದ್ದಾರೆ. ಪದವೂ ಸರಿ, ಧ್ವನಿಯೂ ಸರಿ, ಅರ್ಥವೂ ಬೇರೆಡೆ ಸರಿ. ಮೂರೂ ಒಂದೇ ಸಾಲಿನಲ್ಲಿ ಕುಳಿತಾಗ ತಪ್ಪು. ಬಿಲ್ಲಿನ ‘ಬೋ’ ಮತ್ತು ತಲೆಬಾಗುವ ‘ಬೌ’, ಸಾಲಿನ ‘ರೋ’ ಮತ್ತು ಜಗಳದ ‘ರೌ’, ಗಾಳಿಯ ‘ವಿಂಡ್’ ಮತ್ತು ಸುತ್ತುವ ‘ವೈಂಡ್’, ಸೀಸದ ‘ಲೆಡ್’ ಮತ್ತು ಮುನ್ನಡೆಸುವ ‘ಲೀಡ್’ ಇವೆಲ್ಲ ಇದೇ ಜಾತಿಯವು. ಪ್ರಾಸಪದಗಳ ಜೊತೆ ಅರ್ಥವನ್ನೂ ಕೊಡುವ ಪುಸ್ತಕಕ್ಕೆ ನಿಜವಾದ ಕೆಲಸ ಇರುವುದೇ ಇಲ್ಲಿ, ಏಕೆಂದರೆ ಇಲ್ಲಿ ಅರ್ಥ ತಿಳಿಯದೆ ಪ್ರಾಸ ತಿಳಿಯುವುದಿಲ್ಲ. ಆ ಒಂದು ಪುಟವನ್ನು ಬರೆದಿದ್ದರೆ ನಾನು ಉಳಿದ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ.

ಕಾಣು ಎಂಬ ಸೀ, ಸಮುದ್ರ ಎಂಬ ಸೀ. ಬರೆ ಎಂಬ ರೈಟ್, ಬಲ ಎಂಬ ರೈಟ್. ಇವನ್ನೂ ಪ್ರಾಸಪದಗಳೆಂದು ಎರಡು ಪುಟ ತುಂಬಿಸಿದ್ದಾರೆ. ಇವು ಒಂದೇ ಉಚ್ಚಾರಣೆಯ ಬೇರೆ ಬೇರೆ ಪದಗಳು. ಸ್ವರದ ಹಿಂದಿನ ವ್ಯಂಜನ ಬದಲಾಗದಿದ್ದರೆ ಇಂಗ್ಲಿಷ್ ಸಂಪ್ರದಾಯದಲ್ಲಿ ಅದನ್ನು ಪೂರ್ಣ ಪ್ರಾಸವೆಂದು ಎಣಿಸುವುದಿಲ್ಲ. ಆ ಪುಟಗಳು ಉಪಯುಕ್ತವೇ, ತಲೆಬರಹ ಮಾತ್ರ ತಪ್ಪು.

ಇದಕ್ಕಿಂತ ಕುತೂಹಲದ ವಿಷಯ ಇನ್ನೊಂದಿದೆ: ಯಾರ ಬಾಯಿಯ ಇಂಗ್ಲಿಷ್? ಡೋರ್, ಫೋರ್ ಪದಗಳ ಗುಂಪಿನಲ್ಲಿ ‘ಕಂಡ’ ಎಂಬರ್ಥದ ಸಾ, ‘ಕಾನೂನು’ ಎಂಬರ್ಥದ ಲಾ ಕೂಡ ಕುಳಿತಿವೆ. ಮಕ್ಕಳು ಇದನ್ನು ಅಚ್ಚಿನ ತಪ್ಪು ಎಂದೇ ತೀರ್ಮಾನಿಸಿದರು. ವಾಸ್ತವದಲ್ಲಿ ಇದು ತಪ್ಪಲ್ಲ, ಲಂಡನ್ನಿನ ಶಿಷ್ಟ ಉಚ್ಚಾರಣೆಯಲ್ಲಿ ಪದದ ಕೊನೆಯ ರೇಫ, ಎಂದರೆ ರಕಾರದ ಧ್ವನಿ, ಕೇಳಿಸುವುದಿಲ್ಲವಾದ್ದರಿಂದ ಅಲ್ಲಿ ಈ ನಾಲ್ಕೂ ಹೊಂದುತ್ತವೆ. ಯಾವುದೋ ಬ್ರಿಟಿಷ್ ಪಟ್ಟಿಯಿಂದ ಈ ಗುಂಪು ನೇರವಾಗಿ ಬಂದಿರಬೇಕು, ಏಕೆಂದರೆ ಅದೇ ಸಾಲಿನ ಉಚ್ಚಾರಣೆಯ ಕಾಲಮ್ಮಿನಲ್ಲಿ ‘ಡೋರ್’ ಎಂದು ರೇಫವನ್ನು ಘಂಟಾಘೋಷವಾಗಿ ಬರೆದಿದ್ದಾರೆ. ಕನ್ನಡಿಗರು ರೇಫವನ್ನು ನುಂಗುವವರಲ್ಲ. ನಮ್ಮ ಬಾಯಲ್ಲಿ ಡೋರ್‌ಗೂ ಲಾಗೂ ಯಾವ ನಂಟೂ ಇಲ್ಲ. ಅಕ್ಷರಮಾಲೆಯ ಹಾಡಿನದೂ ಇದೇ ಕಥೆ. ಅಮೆರಿಕದವರು ಕೊನೆಯ ಅಕ್ಷರವನ್ನು ಝೀ ಎನ್ನುವುದರಿಂದ ಮುಂದೆ ಬರುವ ‘ಮೀ’ ಎಂಬುದಕ್ಕೆ ಪ್ರಾಸ ಸಿಗುತ್ತದೆ, ಝಡ್ ಎಂದು ಕಲಿತ ನಮ್ಮ ಮಕ್ಕಳು ಹಾಡಿನ ಕೊನೆಗೆ ಬಂದು ಎಡವುತ್ತಾರೆ. ಮೊದಲ ಪುಟದಲ್ಲೇ ‘ಈ ಪುಸ್ತಕ ಇಂಥವರ ಉಚ್ಚಾರಣೆಯನ್ನು ಅನುಸರಿಸಿದೆ’ ಎಂದು ಹೇಳಿಬಿಟ್ಟಿದ್ದರೆ ಯಾವ ಗೊಂದಲವೂ ಇರುತ್ತಿರಲಿಲ್ಲ.

ಪ್ರಾಸವೇ ಇಲ್ಲದ ಪದಗಳ ಬಗ್ಗೆ ಒಂದು ಪುಟವನ್ನು ನಾನು ನಿರೀಕ್ಷಿಸಿದ್ದೆ, ಸಿಗಲಿಲ್ಲ. ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ. ಹಣ್ಣುಗಳ ಹೆಸರಿಗೆ ಪ್ರಾಸ ಹುಡುಕುವ ಆಟ ಆಡುವಾಗ ‘ಆರೆಂಜ್‌ಗೆ ಏನು ಮಿಸ್?’ ಎಂಬ ಪ್ರಶ್ನೆ ಬಂತು. ವೇಲ್ಸಿನಲ್ಲಿರುವ ಬ್ಲೊರೆಂಜ್ ಎಂಬ ಬೆಟ್ಟದ ಹೆಸರನ್ನು ಬಿಟ್ಟರೆ ಅದಕ್ಕೆ ಒಪ್ಪುವ ಬಳಕೆಯ ಪದ ಇಂಗ್ಲಿಷಿನಲ್ಲಿಲ್ಲ. ತಿಂಗಳು ಎಂಬರ್ಥದ ಮಂತ್ ಎಂಬುದಕ್ಕೂ ಇಲ್ಲ. ಆರೆಂಜ್ ಎಂಬ ಪದ ಸಂಸ್ಕೃತದ ನಾರಂಗದಿಂದ ಹೊರಟು, ಪಾರಸಿ, ಅರಬ್ಬೀ ಭಾಷೆಗಳನ್ನು ಹಾದು, ದಾರಿಯಲ್ಲಿ ಮೊದಲ ನಕಾರವನ್ನು ಕಳೆದುಕೊಂಡು ಇಂಗ್ಲಿಷಿಗೆ ಸೇರಿದ್ದು. ಆ ನಾರಂಗದ ಮೂಲವೂ ದ್ರಾವಿಡ ಭಾಷೆಗಳಲ್ಲೇ ಇರಬೇಕೆಂದು ಹಲವು ನಿಘಂಟುಗಳು ಹೇಳುತ್ತವೆ. ನಮ್ಮ ಕಡೆಯಿಂದ ಹೋದದ್ದಕ್ಕೇ ಅಲ್ಲಿ ಜೋಡಿ ಸಿಕ್ಕಲಿಲ್ಲ ಎಂದು ಹೇಳಿ ಆ ದಿನ ಮಕ್ಕಳನ್ನು ನಗಿಸಿದೆ.

ಅಚ್ಚು, ಕಾಗದ, ಹೊಲಿಗೆ ಬೆಲೆಗೆ ತಕ್ಕಂತಿವೆ. ನಡುವಿನ ಪಿನ್ನು ಜುಲೈ ಮಳೆಗೆ ತುಕ್ಕು ಹಿಡಿಯಿತು. ಚಿತ್ರಗಳು ಕಪ್ಪುಬಿಳುಪಿನವು, ಮಂಕು.

ಹಾಗಾದರೆ ಕೊಳ್ಳಬಹುದೇ ಎಂದು ಕೇಳಿದರೆ, ಯಾರು ಕೊಳ್ಳುತ್ತಾರೆ ಎಂಬುದರ ಮೇಲೆ ನನ್ನ ಉತ್ತರವಿದೆ. ಇಂಗ್ಲಿಷ್ ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಮೊದಲ 30 ಪುಟಗಳಿಗಾಗಿ ಧಾರಾಳವಾಗಿ ಕೊಡಿಸಬಹುದು. ಮನೆಯಲ್ಲಿ ಹೇಳಿಕೊಡುವ ತಂದೆತಾಯಿಯರು ಉಳಿದ ಪುಟಗಳನ್ನು ಎರಡನೆಯ ಕಾಲಮ್ಮಿನಿಂದ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಬರೆದದ್ದು ಹೊಂದದಿದ್ದರೆ ಇಂಗ್ಲಿಷ್ ಅಕ್ಷರಗಳು ಎಷ್ಟೇ ಹೊಂದಿದರೂ ಆ ಪದವನ್ನು ಬಿಟ್ಟುಬಿಡಬೇಕು. ಫೋನ್ ಇರುವವರಿಗೆ ಸಂದೇಹ ಬಂದರೆ ಉಚ್ಚಾರಣೆಯನ್ನು ಕೇಳಿಸುವ ನಿಘಂಟುಗಳು ಸಿಗುತ್ತವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1,30,000ಕ್ಕೂ ಹೆಚ್ಚು ಪದಗಳ ಉಚ್ಚಾರಣೆಯನ್ನು ಧ್ವನಿಸಂಕೇತಗಳಲ್ಲಿ ದಾಖಲಿಸಿ ಉಚಿತವಾಗಿ ಬಿಟ್ಟಿದೆ; ಪ್ರಾಸ ಹುಡುಕಿಕೊಡುವ ಗಣಕ ತಂತ್ರಾಂಶಗಳಿಗೆ ಅಂಥ ದಾಖಲೆ ದೊಡ್ಡ ಆಧಾರ, ಏಕೆಂದರೆ ಅಲ್ಲಿ ಹೋಲಿಸುವುದು ಧ್ವನಿಯನ್ನು, ಕಾಗುಣಿತವನ್ನಲ್ಲ. ಅದು ಅಮೆರಿಕದ ಬಾಯಿ ಎಂಬುದನ್ನಷ್ಟೇ ನೆನಪಿಟ್ಟುಕೊಂಡರೆ ಸಾಕು. ಶಿಕ್ಷಕರು ಕೊಳ್ಳುವುದಾದರೆ, ನನ್ನಂತೆ ಹಿಂದಿನ ದಿನ ಪುಟ ನೋಡದೆ ತರಗತಿಗೆ ಹೋಗಬೇಡಿ.

ನಮ್ಮ ಶಾಲೆಯ ಪ್ರತಿಯಲ್ಲಿ ಈಗ ಪುಟಪುಟಕ್ಕೂ ಪೆನ್ಸಿಲಿನ ಗೆರೆಗಳಿವೆ. ಓ, ವಿ, ಇ ಪುಟದಲ್ಲಿ ಮೂರು ವೃತ್ತಗಳು, 41ನೆಯ ಪುಟದಲ್ಲಿ ಕಣ್ಣೀರನ್ನು ಹೊಡೆದು ಹಾಕಿ ಬರೆದ ‘ಹರಿ’, ಕೊನೆಯ ಖಾಲಿ ಹಾಳೆಯಲ್ಲಿ ಮಕ್ಕಳೇ ಕೂಡಿಸಿದ ಸ್ಕೈ, ಹೈ, ಬೈಗಳ ಪಟ್ಟಿ. ಪಕ್ಕದ ಊರಿನ ಶಾಲೆಯ ಮೇಡಂ ಅದನ್ನು ನೋಡಿ ತಮಗೂ ಒಂದು ಬೇಕೆಂದರು. ಹಾಸನಕ್ಕೆ ಹೋದಾಗ ಅದೇ ಅಂಗಡಿಯಲ್ಲಿ ಇನ್ನೊಂದು ಪ್ರತಿ ಕೊಂಡೆ. ಗೆರೆಗಳನ್ನೆಲ್ಲ ಅದಕ್ಕೂ ಇಳಿಸಿಕೊಡಲು ಒಂದು ಸಂಜೆ ಸಾಕಾಯಿತು.